ಗೋವಾ ಪರದೇಶವಾಗಿದ್ದಾಗಿನ ಘಟ್ಟದ ರೈಲು

ಯಶವಂತಪುರದಿಂದ ವಾಸ್ಕೋಗೆ ಹೋಗುವ ಎಕ್ಸ್‌ಪ್ರೆಸ್ ದಾವಣಗೆರೆಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆನಗೋಡು, ಹೆಬ್ಬಾಳು, ಮಾಯಕೊಂಡದ ಕಡೆಯಿಂದ ಗೋವಾಕ್ಕೆ ಹೊರಟವರು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹತ್ತುತ್ತಾರೆ. ಹರಿಹರದ ಸೇತುವೆ ಮೇಲೆ ಗಾಲಿಗಳ ಸದ್ದು ಬದಲಾದಾಗ ಕಿಟಕಿಯಲ್ಲಿ ಒಮ್ಮೆ ತುಂಗಭದ್ರೆಯನ್ನು ಹುಡುಕುತ್ತಾರೆ. ಹಾವೇರಿ ದಾಟಿದ ಮೇಲೆ ಬರ್ತ್ ಬಿಡಿಸಿ ಮಲಗುವ ಹೊತ್ತು. ಹುಬ್ಬಳ್ಳಿ, ಧಾರವಾಡ, ಅಳ್ನಾವರ, ಲೋಂಡಾ ಎಲ್ಲವೂ ನಿದ್ದೆಯಲ್ಲೇ ಕಳೆಯುತ್ತವೆ. ಲೋಂಡಾದ ಮುಂದೆ ಕ್ಯಾಸಲ್‌ರಾಕ್. ಅಲ್ಲಿಂದ ಗೋವಾದ ಕುಳೆಂವರೆಗಿನ ಸುಮಾರು 26 ಕಿಲೋಮೀಟರ್ ದೇಶದ ಅತಿ ಕಡಿದಾದ ಬ್ರಾಡ್‌ಗೇಜ್ ಘಟ್ಟಗಳಲ್ಲೊಂದು. ಅದರ ನಡುವೆಯೇ ದೂಧ್‌ಸಾಗರ ಜಲಪಾತವಿದೆ. ಬಯಲುಸೀಮೆಯ ಪ್ರಯಾಣಿಕ ಇದಿಷ್ಟನ್ನೂ ಗೊರಕೆ ಹೊಡೆಯುತ್ತ ಇಳಿದುಬಿಡುತ್ತಾನೆ. ಕಣ್ಣು ಬಿಟ್ಟಾಗ ಮಡಗಾಂವ್ ಬಂದಿರುತ್ತದೆ.

ವಾಪಸ್ ಬರುವ ರೈಲೂ ವಾಸ್ಕೋ ಬಿಡುವುದು ರಾತ್ರಿಯಲ್ಲೇ. ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ.

ಇತ್ತ ದಾವಣಗೆರೆಯಂಥ ಊರಿನಿಂದಲೂ ಯೂರೋಪ್ ಪ್ಯಾಕೇಜ್ ಟೂರ್‌ಗೆ ಹೋಗಿಬರುವ ಕುಟುಂಬಗಳಿವೆ. ಅಂಥ ಟೂರ್‌ಗಳ ಪಟ್ಟಿಯಲ್ಲಿ ಬಹುತೇಕ ತಪ್ಪದೆ ಇರುವುದು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ರೈಲು. ಕ್ಲೈನೆ ಶೈಡೆಕ್ ಎಂಬ ಕಣಿವೆಯಂಚಿನ ನಿಲ್ದಾಣದಿಂದ ಹೊರಟು, ಐಗರ್ ಮತ್ತು ಮ್ಯೋಂಖ್ ಪರ್ವತಗಳ ಹೊಟ್ಟೆಯೊಳಗೆ ಕೊರೆದ 7 ಕಿಲೋಮೀಟರ್ ಸುರಂಗದಲ್ಲಿ ಏರಿ, 3,454 ಮೀಟರ್ ಎತ್ತರದಲ್ಲಿ ಅದು ನಿಲ್ಲುತ್ತದೆ. ಯೂರೋಪಿನ ಅತಿ ಎತ್ತರದ ರೈಲು ನಿಲ್ದಾಣ ಅದು. ಇದನ್ನು ಕಟ್ಟಲು ಹೊರಟವನು ಅಡಾಲ್ಫ್ ಗೀಯರ್-ಜೆಲ್ಲರ್. ಜ್ಯೂರಿಕ್ ಸೀಮೆಯ ಬಟ್ಟೆ ಗಿರಣಿಗಳ ಯಜಮಾನ. ಹತ್ತಿ ಗಿರಣಿಗಳಿಂದಲೇ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯವರಿಗೆ ಇದು ಕುತೂಹಲದ ವಿಷಯವಾದೀತು. 1896ರಲ್ಲಿ ಕೆಲಸ ಶುರುವಾಯಿತು, 1899ರಲ್ಲಿ ಆತ ತೀರಿಕೊಂಡ, ರೈಲು ತುದಿ ಮುಟ್ಟಿದ್ದು 1912ರ ಆಗಸ್ಟ್ 1ರಂದು. ಇಂದು ಬೇಸಿಗೆಯಲ್ಲಿ ಇಂಟರ್‌ಲಾಕೆನ್‌ನಿಂದ ಹೋಗಿಬರುವ ಪೂರ್ತಿ ಟಿಕೆಟ್ 200 ಫ್ರಾಂಕ್ ದಾಟುತ್ತದೆ. ಮೇಲೆ ಹಿಂದಿ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಹಿಂದಿ ಸಿನಿಮಾಗಳಲ್ಲಿ ಈ ಬೆಟ್ಟಗಳನ್ನು ತೋರಿಸಿದ ಯಶ್ ಚೋಪ್ರಾ ಹೆಸರನ್ನು ಅಲ್ಲಿನ ಒಂದು ರೈಲಿಗೂ ಇಟ್ಟಿದ್ದಾರೆ.

ಆ ಹಿಮ, ಆ ಸುರಂಗ ನೋಡಲೇಬೇಕಾದಂಥವು, ಸಂಶಯವಿಲ್ಲ. ಆದರೆ ಪರದೇಶಕ್ಕೆ ಹೋಗುವ ಪರ್ವತದ ರೈಲು ಎಂಬುದು ಈ ಭಾಗದವರಿಗೆ ಹೊಸದೇನಲ್ಲ. ದಾವಣಗೆರೆ, ಹರಿಹರದ ಹಳಿಗಳಿಂದಲೇ ಅಂಥದೊಂದು ರೈಲು ಸಿಗುತ್ತಿತ್ತು. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರದ್ದು. ಕ್ಯಾಸಲ್‌ರಾಕ್ ಗಡಿ ನಿಲ್ದಾಣ. ಅಲ್ಲಿ ಸುಂಕದವರು ಪೆಟ್ಟಿಗೆ, ಗಂಟು ಬಿಚ್ಚಿಸಿ ನೋಡಿದ ಮೇಲೆಯೇ ರೈಲು ಘಟ್ಟ ಇಳಿಯುತ್ತಿತ್ತು.

ಈ ಸೀಮೆಗೆ ಹಳಿ ಬಂದದ್ದರ ಹಿಂದೆ ಬರವಿದೆ. 1876ರಿಂದ 78ರವರೆಗಿನ ಮಹಾ ಕ್ಷಾಮ ಮೈಸೂರು ಸಂಸ್ಥಾನವನ್ನೂ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳನ್ನೂ ನುಂಗಿಹಾಕಿತು. ಬೇರೆ ಕಡೆ ಕಾಳಿದ್ದರೂ ಹಸಿದವರಿಗೆ ತಲುಪಿಸುವ ದಾರಿ ಇರಲಿಲ್ಲ. ಆಮೇಲೆ ಬ್ರಿಟಿಷ್ ಆಡಳಿತ ಬರಪೀಡಿತ ಸೀಮೆಗಳಿಗೆ ಮೀಟರ್‌ಗೇಜ್ ಹಳಿ ಹಾಸಲು ಮುಂದಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಇದಕ್ಕಾಗಿ. ಹುಬ್ಬಳ್ಳಿ ಅದರ ದೊಡ್ಡ ನೆಲೆಯಾಯಿತು, 1885ರಲ್ಲಿ ಅಲ್ಲಿ ವರ್ಕ್‌ಶಾಪ್ ಬಂತು. ಮೈಸೂರು ಸಂಸ್ಥಾನ ತನ್ನ ದುಡ್ಡಿನಲ್ಲಿ 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ತಂದಿತ್ತು. ಅದು ಮುಂದೆ ಇದೇ ಕಂಪನಿಯ ಕೈಗೆ ಹೋಗಿ 1889ರಲ್ಲಿ ದಾವಣಗೆರೆಯ ಮೇಲೆ ಹರಿಹರ ಮುಟ್ಟಿತು. ಈ ಹಳಿ ಚಿಕ್ಕಜಾಜೂರು, ಮಾಯಕೊಂಡ, ಕೊಡಗನೂರಿನ ದಾರಿ ಹಿಡಿದದ್ದರಿಂದ ಪುಣೆ-ಬೆಂಗಳೂರು ರಸ್ತೆಯ ಮೇಲಿದ್ದ ಆನಗೋಡಿಗೆ ರೈಲು ಸಿಗಲಿಲ್ಲ. ಗೋವಾಕ್ಕೆ ಹೋಗುವ ಆನಗೋಡಿನವರು ಇಂದಿಗೂ ಮೊದಲು ಬಸ್ ಹತ್ತಿ ದಾವಣಗೆರೆಗೇ ಬರಬೇಕು.

ಗೋವಾ ಕಡೆಯ ಕಥೆ ಬೇರೆ. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡಿಕೊಂಡವು. ಮರ್ಮಗೋವಾ ಬಂದರನ್ನು ಬೆಳೆಸುವುದು, ಅಲ್ಲಿಂದ ಘಟ್ಟ ಹತ್ತಿಸಿ ಬ್ರಿಟಿಷ್ ಸೀಮೆಗೆ ರೈಲು ತರುವುದು ಅದರ ಗುರಿ. ಅದಕ್ಕೆ ಬದಲಾಗಿ ಗೋವಾದ ಉಪ್ಪಿನ ಮೇಲೆ ಬ್ರಿಟಿಷರಿಗೆ ಹಿಡಿತ ಸಿಕ್ಕಿತು. ಕಡಲಂಚಿನಲ್ಲಿ ತಲೆಮಾರುಗಳಿಂದ ಉಪ್ಪು ತೆಗೆಯುತ್ತಿದ್ದವರ ಬದುಕಿನ ಲೆಕ್ಕವನ್ನೂ ಸೇರಿಸಿದರೆ ಈ ಘಟ್ಟದ ಹಳಿ ಅಗ್ಗಕ್ಕೆ ಬಂದದ್ದಲ್ಲ. ಲಂಡನ್ನಿನಲ್ಲಿ ಬಂಡವಾಳ ಎತ್ತಿ, ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ ಹಳಿ ಹಾಸಿತು. 1888ರಲ್ಲಿ ಅದು ಕ್ಯಾಸಲ್‌ರಾಕ್ ತಲುಪಿತು. ನಿರೀಕ್ಷಿಸಿದ ವ್ಯಾಪಾರ ಕೂಡಿಬರದೆ 1902ರಲ್ಲಿ ಅದನ್ನು ನಡೆಸುವ ಹೊಣೆಯೂ ಸದರ್ನ್ ಮರಾಠಾ ಕಂಪನಿಗೇ ಬಂತು.

ಹೀಗಾಗಿ ಒಂದು ಕಾಲದಲ್ಲಿ ದಾವಣಗೆರೆಯ ಹತ್ತಿ ವ್ಯಾಪಾರಿ ಮರ್ಮಗೋವಾಕ್ಕೆ ಹೋದರೆ ದಾರಿಯಲ್ಲಿ ಮೂರು ಸರ್ಕಾರ ಕಾಣುತ್ತಿದ್ದ. ಹರಿಹರದ ಹೊಳೆಯವರೆಗೆ ಮೈಸೂರು ಮಹಾರಾಜರದು. ಹೊಳೆಯಾಚೆ ಧಾರವಾಡ ಜಿಲ್ಲೆ, ಅಂದರೆ ಮುಂಬೈ ಪ್ರಾಂತ್ಯದ ಬ್ರಿಟಿಷರದು. ಕ್ಯಾಸಲ್‌ರಾಕ್ ಕೆಳಗೆ ಲಿಸ್ಬನ್ನಿನ ಆಳ್ವಿಕೆ.

ಗಡಿ ರೈಲಾಗಿದ್ದುದರಿಂದ ಇದು ರಾಜಕೀಯವನ್ನೂ ಹೊತ್ತು ತಂದಿತು. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ನಾಗರಿಕ ಹಕ್ಕುಗಳಿಗಾಗಿ ದನಿ ಎತ್ತಿ ಬಂಧನಕ್ಕೊಳಗಾದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಗೋವಾ ಹೊಕ್ಕರು. ಪೋರ್ಚುಗೀಸ್ ಪೊಲೀಸರು ಅವರನ್ನು ಹಿಡಿದದ್ದು ಘಟ್ಟದ ಬುಡದ ಕುಳೆಂ ನಿಲ್ದಾಣದಲ್ಲಿ. 1955ರ ಆಗಸ್ಟ್ 15ರಂದು ಗೋವಾ ಗಡಿಯಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಭಾರತ ಗಡಿ ಮುಚ್ಚಿತು, ಘಟ್ಟದ ರೈಲು ನಿಂತಿತು. ಗೋವಾ ಬಿಡುಗಡೆಯಾದ ಮೇಲೆಯೇ ಹಳಿ ಮತ್ತೆ ಜೀವ ಹಿಡಿದದ್ದು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದು 1990ರ ದಶಕದಲ್ಲಿ.

ಈಗ ಘಟ್ಟಕ್ಕೆ ಬರೋಣ.

ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಲೋಂಡಾವರೆಗೆ ರೈಲು ಸಣ್ಣಪುಟ್ಟ ಏರಿಳಿತಗಳಲ್ಲಿ ಸಾಗುತ್ತದೆಯೇ ಹೊರತು ಎತ್ತರವನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ಕಡಲ ಕಡೆಗಿನ ಇಳಿತದ ಬಹುಪಾಲು ಆ 26 ಕಿಲೋಮೀಟರಿಗೇ ಬಾಕಿ ಉಳಿದಿರುತ್ತದೆ. ಅಲ್ಲಿನ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿದಂತೆ. ರಸ್ತೆಯ ಲೆಕ್ಕದಲ್ಲಿ ಇದು ಏನೂ ಅಲ್ಲ, ಬೈಕು ಗೇರ್ ಕೂಡ ಬದಲಿಸದೆ ಹತ್ತೀತು. ರೈಲಿಗೆ ಇದು ದೊಡ್ಡದು. ರೈಲಿನ ಗುಣವೇ ಇಲ್ಲಿ ಅದಕ್ಕೆ ಮುಳುವಾಗುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಬಹಳ ಸಲೀಸಾಗಿ ಉರುಳುತ್ತದೆ, ಅದಕ್ಕೇ ಒಂದು ಎಂಜಿನ್ ಸಾವಿರಾರು ಟನ್ ಎಳೆಯಬಲ್ಲದು. ಅದೇ ನುಣುಪು ಏರಿನಲ್ಲಿ ಹಿಡಿತ ತಪ್ಪಿಸುತ್ತದೆ. ಮಳೆಗಾಲದಲ್ಲಿ ಹಳಿ ಒದ್ದೆಯಾಗಿ, ಎಲೆ ಬಿದ್ದು ಕೊಳೆತರೆ ಗಾಲಿ ನಿಂತಲ್ಲೇ ತಿರುಗತೊಡಗುತ್ತದೆ. ಅದಕ್ಕೇ ಎಂಜಿನ್‌ನ ಗಾಲಿಗಳ ಪಕ್ಕದಲ್ಲಿ ಮರಳಿನ ಡಬ್ಬಿಗಳಿರುತ್ತವೆ. ಗಾಲಿ ಜಾರಿದಾಗ ಕೊಳವೆಯಿಂದ ಸಣ್ಣ ಮರಳು ಹಳಿಯ ಮೇಲೆ ಚಿಮ್ಮುತ್ತದೆ. ಮರಳಿನ ಮೇಲೆ ಗಾಲಿ ಕಚ್ಚಿಕೊಳ್ಳುತ್ತದೆ.

ಹತ್ತುವಾಗ ಮುಂದಿನ ಎಂಜಿನ್ ಒಂದೇ ಸಾಲದು. ಕುಳೆಂನಲ್ಲಿ ರೈಲಿನ ಹಿಂದೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುತ್ತಾರೆ. ರೈಲಿನವರು ಅವನ್ನು ಬ್ಯಾಂಕರ್ ಎನ್ನುತ್ತಾರೆ. ಏರಿನಲ್ಲಿ ಮೆಕ್ಕೆಜೋಳದ ಚೀಲ ಹೇರಿದ ಗಾಡಿಗೆ ಹಿಂದಿನಿಂದ ನಾಲ್ಕು ಜನ ಹೆಗಲು ಕೊಟ್ಟಂತೆ ಇವು ದಬ್ಬುತ್ತವೆ. ಮುಂದಿನಿಂದಲೇ ಎಲ್ಲ ಎಂಜಿನ್ ಕಟ್ಟಿ ಎಳೆದರೆ ಬೋಗಿಗಳ ನಡುವಿನ ಕೊಂಡಿಯ ಮೇಲೆ ಅತಿಯಾದ ಜಗ್ಗು ಬೀಳುತ್ತದೆ. ಹಿಂದಿನಿಂದ ದಬ್ಬಿದರೆ ಆ ಜಗ್ಗು ಹಂಚಿಹೋಗುತ್ತದೆ, ಕೊಂಡಿ ಕಿತ್ತರೂ ಹಿಂದಿನ ಬೋಗಿಗಳು ಕೆಳಕ್ಕೆ ಓಡದಂತೆ ತಡೆಯಿರುತ್ತದೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟದ ಕೆಲಸ. ಗಾಲಿಗೆ ಬ್ರೇಕ್ ಬ್ಲಾಕ್ ಒತ್ತಿಕೊಂಡೇ 26 ಕಿಲೋಮೀಟರ್ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಕ್ಯಾಸಲ್‌ರಾಕ್‌ನಲ್ಲಿ ರೈಲು ನಿಲ್ಲಿಸಿ ಬ್ರೇಕ್ ಪರೀಕ್ಷಿಸುತ್ತಾರೆ. ಆಮೇಲೆ ಎಂಜಿನ್‌ನ ಮೋಟಾರನ್ನೇ ಜನರೇಟರಿನಂತೆ ತಿರುಗಿಸಿ ವೇಗ ಕಟ್ಟಿಹಾಕುತ್ತಾರೆ. ಗಾಲಿ ಮೋಟಾರನ್ನು ತಿರುಗಿಸುತ್ತದೆ, ಹುಟ್ಟಿದ ವಿದ್ಯುತ್ತು ಬಿಸಿಯಾಗಿ ಗಾಳಿಗೆ ಹೋಗುತ್ತದೆ, ಆ ಶ್ರಮದಲ್ಲಿ ರೈಲಿನ ಓಟ ತಗ್ಗುತ್ತದೆ. ಇಷ್ಟಾಗಿಯೂ ರೈಲು ಕೈಮೀರಿದರೆ ಎಂಬ ಅಂಜಿಕೆಗೆ ಇಂಥ ಘಟ್ಟಗಳಲ್ಲಿ ಇನ್ನೊಂದು ಏರ್ಪಾಡಿರುತ್ತದೆ. ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡಕ್ಕೆ ಅಡರಿ ಅಲ್ಲೇ ಮುಗಿಯುವ ಒಂದು ಹಳಿಯ ತುಂಡು. ಓಡಿಬಂದ ರೈಲನ್ನು ಅದರ ಮೇಲೆ ಹರಿಸಿದರೆ ಏರಿನಲ್ಲಿ ಬಸವಳಿದು ನಿಲ್ಲುತ್ತದೆ.

ಇದಕ್ಕೆಲ್ಲ ಮೀರಿದ್ದು ಹಳಿ ಕಾಯುವವರ ನಡಿಗೆ. ಮಳೆಗಾಲ ಬಂತೆಂದರೆ ಟ್ರ್ಯಾಕ್‌ಮನ್‌ಗಳು ರಾತ್ರಿಯೆಲ್ಲ ಕೈದೀಪ ಹಿಡಿದು ತಮ್ಮ ಪಾಲಿನ ಹಳಿಯ ಮೇಲೆ ನಡೆಯುತ್ತಾರೆ. ಮಣ್ಣು ಕುಸಿದಿದೆಯೇ, ಬಂಡೆ ಉರುಳಿದೆಯೇ, ಮರ ಬಿದ್ದಿದೆಯೇ ಎಂದು ನೋಡುತ್ತ, ಪಕ್ಕದವನ ಗಡಿಯವರೆಗೆ ಹೋಗಿ ತಿರುಗುತ್ತಾರೆ. ಅವರ ಚೀಲದಲ್ಲಿ ಹಳಿಗೆ ಕಟ್ಟುವ ಪಟಾಕಿಗಳಿರುತ್ತವೆ. ಗಾಲಿ ಹಾಯ್ದರೆ ಅದು ಸಿಡಿಯುತ್ತದೆ, ಲೋಕೊ ಪೈಲಟ್ ಬ್ರೇಕ್ ಹಾಕುತ್ತಾನೆ. ಮಂಜಿನಲ್ಲಿ ಕೆಂಪು ದೀಪ ಕಾಣದಿದ್ದರೂ ಸದ್ದು ಕೇಳುತ್ತದೆ. ದಾವಣಗೆರೆಯಿಂದ ಹೊರಟವನು ನಿಶ್ಚಿಂತೆಯಿಂದ ಮಲಗುವುದು ಇವರ ಎಚ್ಚರದ ಮೇಲೆ. ಹೀಗಿದ್ದೂ ಘಟ್ಟ ಒಮ್ಮೊಮ್ಮೆ ಕುಸಿಯುತ್ತದೆ. 2021ರ ಜುಲೈ 23ರಂದು, ಕೊಂಕಣದ ಹಳಿಯಲ್ಲಿ ಅಡಚಣೆಯಾಗಿ ಈ ದಾರಿಗೆ ತಿರುಗಿಸಿದ್ದ ಮಂಗಳೂರು–ಮುಂಬೈ ರೈಲು, ದೂಧ್‌ಸಾಗರ ಮತ್ತು ಸೋನಾಲಿಂ ನಡುವೆ ಕುಸಿದ ಮಣ್ಣಿಗೆ ಸಿಕ್ಕು ಹಳಿ ತಪ್ಪಿತು. ಯಾರೂ ಸಾಯಲಿಲ್ಲ.

ಯುಂಗ್‌ಫ್ರೌ ಏರು ಇದಕ್ಕಿಂತ ಎಷ್ಟೋ ಪಾಲು ಕಡಿದು, 4ಕ್ಕೆ 1ರಷ್ಟು. ಅಲ್ಲಿ ನುಣುಪು ಗಾಲಿಯ ಆಟ ನಡೆಯದು. ಹಳಿಗಳ ನಡುವೆ ಹಲ್ಲಿನ ಕಂಬಿಯೊಂದನ್ನು ಹಾಸಿ, ಎಂಜಿನ್‌ನ ಹಲ್ಲುಚಕ್ರ ಅದನ್ನು ಕಚ್ಚಿ ಹತ್ತುವಂತೆ ಮಾಡಿದ್ದಾರೆ. ಈ ಬಗೆಯ ರೈಲು ನೋಡಲು ಆಲ್ಪ್ಸ್‌ಗೆ ಹೋಗಬೇಕಿಲ್ಲ. ಮೇಟ್ಟುಪಾಳ್ಯದಿಂದ ಕೂನೂರಿನ ಮೇಲೆ ಊಟಿಗೆ ಹೋಗುವ 46 ಕಿಲೋಮೀಟರಿನ ನೀಲಗಿರಿ ರೈಲು ಕಲ್ಲಾರ್‌ನಿಂದ ಕೂನೂರಿನವರೆಗೆ ಹಲ್ಲಿನ ಹಳಿಯ ಮೇಲೆಯೇ ಏರುತ್ತದೆ. ಆ ಹಳಿಯ ವಿನ್ಯಾಸ ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್‌ನದು, ಅದರ ಹೆಸರಾಂತ ಹಳೆಯ ಉಗಿಬಂಡಿಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಕ್ಯಾಸಲ್‌ರಾಕ್ ಘಟ್ಟಕ್ಕೆ ಸರಿಯಾದ ಜೊತೆ ಯುಂಗ್‌ಫ್ರೌ ಅಲ್ಲ, ಬರ್ನಿನಾ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಕಡೆಯಿಂದ ಹೊರಟು 2,253 ಮೀಟರ್ ಎತ್ತರದ ಕಣಿವೆ ದಾಟಿ ಇಟಲಿಯ ತಿರಾನೊ ಊರಿಗೆ ಇಳಿಯುವ ಹಳಿ ಅದು. ಹಲ್ಲಿನ ಕಂಬಿಯಿಲ್ಲದೆ ಬರೀ ಗಾಲಿಯ ಹಿಡಿತದಲ್ಲೇ 14ಕ್ಕೆ 1ರ ಏರು ಹತ್ತುತ್ತದೆ. ಗಡಿ ದಾಟುತ್ತದೆ. ಮುಖ್ಯವಾಗಿ, ಅದು ಪ್ರವಾಸಿಗರಿಗೆ ಮಾತ್ರ ಮೀಸಲಾದ ರೈಲಲ್ಲ. ಸೂರಿನವರೆಗೆ ಗಾಜು ಹಾಕಿದ ಬೋಗಿಗಳ ಬರ್ನಿನಾ ಎಕ್ಸ್‌ಪ್ರೆಸ್ ಓಡುವ ಹಳಿಯ ಮೇಲೆಯೇ ಶಾಲೆಗೆ, ಕೆಲಸಕ್ಕೆ ಹೋಗುವವರ ದಿನನಿತ್ಯದ ರೈಲೂ ಓಡುತ್ತದೆ, ಸರಕೂ ಸಾಗುತ್ತದೆ. ದುಡಿಯುವ ಹಳಿಯನ್ನೇ ಜನ ನೋಡುವಂತೆ ಮಾಡಿದ್ದು ಅವರ ಜಾಣತನ.

ನಾರ್ವೆಯ ಫ್ಲೋಮ್ ರೈಲಿನಿಂದ ಕಲಿಯಬೇಕಾದದ್ದು ಇನ್ನೂ ಹತ್ತಿರದ್ದು. 20 ಕಿಲೋಮೀಟರಿನ ಆ ಹಳಿಯ ದಾರಿಯಲ್ಲಿ ಶೋಸ್‌ಫೊಸೆನ್ ಎಂಬ ಜಲಪಾತವಿದೆ. ಅಲ್ಲಿ ಜಲಪಾತದ ಎದುರಿಗೇ ಕಟಾಂಜನ ಹಾಕಿದ ಪ್ಲಾಟ್‌ಫಾರಂ ಕಟ್ಟಿದ್ದಾರೆ. ಪ್ರವಾಸಿ ರೈಲು ಬಂದು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಮುಖಕ್ಕೆ ತುಂತುರು ಹೊಡೆಸಿಕೊಳ್ಳುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಸೀಟಿ ಕೇಳಿದಾಗ ಹತ್ತುತ್ತಾರೆ. ಕೆಲವೇ ನಿಮಿಷದ ಕೆಲಸ.

ದೂಧ್‌ಸಾಗರದಲ್ಲಿ ಏನಾಗುತ್ತಿದೆ ನೋಡಿ. ಸುಮಾರು 310 ಮೀಟರ್ ಎತ್ತರದಿಂದ ಹಂತಹಂತವಾಗಿ ಧುಮುಕುವ ನೀರು, ಅದರ ನಡುವೆಯೇ ಹಾದುಹೋಗುವ ರೈಲು ಸೇತುವೆ. ಮಳೆಗಾಲದಲ್ಲಿ ತುಂತುರು ಬೋಗಿಯ ಕಿಟಕಿಯೊಳಗೇ ಬರುತ್ತದೆ. 2013ರ ಚೆನ್ನೈ ಎಕ್ಸ್‌ಪ್ರೆಸ್ ಸಿನಿಮಾ ಈ ಸೇತುವೆಯನ್ನು ದೇಶಕ್ಕೆಲ್ಲ ತೋರಿಸಿತು. ಕುಳೆಂನಿಂದ ಜಲಪಾತದ ಬುಡಕ್ಕೆ ಹೋಗುವ ಜೀಪುಗಳು ಮಳೆಗಾಲದಲ್ಲಿ ಬಂದ್. ಜಲಪಾತ ತುಂಬಿ ಧುಮುಕುವುದು ಸರಿಯಾಗಿ ಆಗಲೇ. ಹಾಗಾಗಿ ಯುವಕರು ರೈಲಿನಿಂದ ಇಳಿದು ಹಳಿಯ ಮೇಲೆ, ಸುರಂಗದೊಳಗೆ ನಡೆದು ಬರುತ್ತಾರೆ. ರೈಲ್ವೆ ಇದನ್ನು ನಿಷೇಧಿಸಿದೆ. 2023ರ ಜುಲೈನಲ್ಲಿ ಹಾಗೆ ಬಂದವರನ್ನು ಪೊಲೀಸರು ಹಳಿಯ ಪಕ್ಕ ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದ ದೃಶ್ಯ ಎಲ್ಲರ ಮೊಬೈಲಿಗೂ ಬಂತು.

ಸುರಂಗದಲ್ಲಿ ರೈಲು ಎದುರಾದರೆ ಸರಿದು ನಿಲ್ಲಲು ಜಾಗ ಸಾಲದು, ನಿಷೇಧ ಸರಿಯೇ. ಆದರೆ ಬರೀ ನಿಷೇಧದಿಂದ ಈ ಗುಂಗು ಕಡಿಮೆಯಾಗಿಲ್ಲ, ಪ್ರತಿ ಮಳೆಗಾಲವೂ ಅದೇ ಪಾಡು. ಜನ ನೋಡಬಯಸುವುದನ್ನು ಅಪಾಯವಿಲ್ಲದೆ ತೋರಿಸುವ ಹೊಣೆಯನ್ನು ರೈಲ್ವೆಯೇ ಹೊತ್ತರೆ ಕದ್ದು ನಡೆಯುವವರು ತಾನಾಗಿ ಕಡಿಮೆಯಾಗುತ್ತಾರೆ. ಒಂದು ಹಗಲಿನ ರೈಲು, ಜಲಪಾತದ ಎದುರು ಕಟಾಂಜನದ ಒಂದು ಕಟ್ಟೆ, ಲೆಕ್ಕ ಹಾಕಿ ಇಳಿಸಿ ಹತ್ತಿಸುವ ಸಿಬ್ಬಂದಿ, ಒಯ್ದ ಪ್ಲಾಸ್ಟಿಕ್ ಹೊತ್ತು ತರುವ ಕಟ್ಟುನಿಟ್ಟು. ಇದಕ್ಕೆ ಹೊಸ ಹಳಿ ಬೇಡ.

ಹೊಸ ಹಳಿ ಬೇಡ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಘಟ್ಟದ ಮುಖ್ಯ ದುಡಿಮೆ ಸರಕು. ಹೊಸಪೇಟೆ ಸೀಮೆಯ ಅದಿರು ಮರ್ಮಗೋವಾಕ್ಕೆ ಇಳಿದದ್ದು, ಬಂದರಿನ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹತ್ತಿದ್ದು ಇದೇ ಹಳಿಯಲ್ಲಿ. ಆ ಭಾರಕ್ಕಾಗಿ ತಿನೈಘಾಟ್‌ನಿಂದ ಕ್ಯಾಸಲ್‌ರಾಕ್ ಮೇಲೆ ಕುಳೆಂವರೆಗೆ ಜೋಡಿಹಳಿ ಹಾಕುವ ಯೋಜನೆ ಬಂತು. ಹಾದುಹೋಗುವುದು ಮೊಲ್ಲೆಂ ರಾಷ್ಟ್ರೀಯ ಉದ್ಯಾನ, ಭಗವಾನ್ ಮಹಾವೀರ ಅಭಯಾರಣ್ಯದ ಕಾಡಿನಲ್ಲಿ. ಗೋವಾದ ಜನ ರಾತ್ರಿಯಿಡೀ ಹಳಿಯ ಬಳಿ ಕೂತು ಪ್ರತಿಭಟಿಸಿದರು. ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರ ಏಪ್ರಿಲ್‌ನಲ್ಲಿ, ಜೋಡಿಹಳಿಯಿಂದ ಘಟ್ಟದ ನಾಜೂಕು ಪರಿಸರ ಹಾಳಾಗುತ್ತದೆ, ಸಿಗುವ ಹೆಚ್ಚಿನ ಸಾಮರ್ಥ್ಯ ಅಲ್ಪ ಎಂದು ವರದಿ ಕೊಟ್ಟಿತು. 2022ರ ಮೇ 9ರಂದು ನ್ಯಾಯಾಲಯ ಅದನ್ನು ಒಪ್ಪಿ, ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿತು. ಗುಡ್ಡ ಇನ್ನಷ್ಟು ಕಡಿದರೆ ಕುಸಿತ ಇನ್ನಷ್ಟಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2024ರ ಜುಲೈನಲ್ಲಿ ಸಕಲೇಶಪುರ ಘಟ್ಟದ ಯಡಕುಮರಿ ಬಳಿ ಭೂಮಿ ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತಿದ್ದವು.

ಸಕಲೇಶಪುರ ಘಟ್ಟ ಇನ್ನೊಂದು ಕಾರಣಕ್ಕೂ ಇಲ್ಲಿ ಮುಖ್ಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿ ಜೋಡಿಸಿದರು. ಅಗಲವಾದ ಕಿಟಕಿ, ಸೂರಿನಲ್ಲೂ ಗಾಜು, ಹೊರಕ್ಕೆ ತಿರುಗಿಸಿಕೊಳ್ಳಬಹುದಾದ 44 ಸೀಟು. ಕರ್ನಾಟಕಕ್ಕೆ ಅದು ಮೊದಲು. ಮೊದಲಿನಿಂದ ಓಡುತ್ತಿದ್ದ ರೈಲಿಗೇ ಅಂಥ ಬೋಗಿ ಸೇರಿಸಿದ್ದರಿಂದ ಸಾಮಾನ್ಯ ಟಿಕೆಟ್‌ನವರಿಗೂ ತೊಂದರೆಯಾಗಲಿಲ್ಲ. ಅದೇ ಕೆಲಸ ಕ್ಯಾಸಲ್‌ರಾಕ್ ಹಳಿಯಲ್ಲಿ ಯಾಕಾಗಬಾರದು?

ಸದ್ಯಕ್ಕೆ ಆನಗೋಡಿನವರೋ ಹರಿಹರದವರೋ ಈ ಘಟ್ಟವನ್ನು ಬೆಳಕಿನಲ್ಲಿ ನೋಡಬೇಕೆಂದರೆ ಹಿಂದಿನ ದಿನವೇ ಹುಬ್ಬಳ್ಳಿ ಸೇರುವುದು ಉಪಾಯ. ಹೌರಾದಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ವಾರದ ಕೆಲವು ದಿನ ಬೆಳಿಗ್ಗೆ ಹುಬ್ಬಳ್ಳಿಯ ಮೇಲೆ ಹಾದು ಹಗಲಲ್ಲೇ ಘಟ್ಟ ಇಳಿಯುತ್ತದೆ. ಬರುವಾಗ, ವಾಸ್ಕೋದಿಂದ ಮಧ್ಯಾಹ್ನ ಹೊರಡುವ ದೆಹಲಿಯ ಗೋವಾ ಎಕ್ಸ್‌ಪ್ರೆಸ್ ಹಿಡಿದು ಲೋಂಡಾದಲ್ಲಿ ಇಳಿಯಬಹುದು. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಮಳೆಗಾಲದಲ್ಲಿ ರೈಲು ರದ್ದಾಗುವುದೂ ಉಂಟು, ಟಿಕೆಟ್ ತೆಗೆಸುವ ಮುನ್ನ ವಿಚಾರಿಸಿಕೊಳ್ಳಬೇಕು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ನೀರು ಚೆನ್ನಾಗಿರುತ್ತದೆ. ಕ್ಯಾಸಲ್‌ರಾಕ್ ಬಿಟ್ಟ ಮೇಲೆ ಬಾಗಿಲಲ್ಲಿ ಜೋತುಬೀಳದೆ ಕಿಟಕಿಯಲ್ಲೇ ಕೂತರೂ ಏನೂ ತಪ್ಪಿಹೋಗುವುದಿಲ್ಲ, ರೈಲು ಅಷ್ಟು ನಿಧಾನವಾಗಿ ಇಳಿಯುತ್ತದೆ.

ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದು ಹುಬ್ಬಳ್ಳಿಯಲ್ಲೇ. ದಾವಣಗೆರೆ, ಹರಿಹರದ ಪ್ರಯಾಣಿಕರು ಹೊಸ ರೈಲು, ಹೆಚ್ಚಿನ ನಿಲುಗಡೆ ಕೇಳಿ ಮನವಿ ಕೊಡುವಾಗ ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಬಹುದು: ಬೆಳಗಿನ ಜಾವ ದಾವಣಗೆರೆ ಬಿಟ್ಟು ಮಧ್ಯಾಹ್ನದ ಬೆಳಕಿನಲ್ಲಿ ಘಟ್ಟ ಇಳಿಯುವ, ದೂಧ್‌ಸಾಗರದಲ್ಲಿ ಹತ್ತು ನಿಮಿಷ ನಿಲ್ಲುವ, ವಾರಾಂತ್ಯಕ್ಕೆ ಒಂದಾದರೂ ರೈಲು.